ಹಿನ್ನೀರಿನ ಆಚೆ ದಡದಿಂದ ಆಸ್ಪತ್ರೆಗೆ: ಜೀಪಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಾಕ್ಟರ್ ಅಲ್ಲ. ಸಾಗರ ತಾಲ್ಲೂಕಿನಲ್ಲಿ, ಶರಾವತಿ ಹಿನ್ನೀರಿನ ಆಚೆ ದಡದಲ್ಲಿ ಅಡಿಕೆ ತೋಟ ಇಟ್ಟುಕೊಂಡವನು. ಮನೆಯಲ್ಲಿ ಒಂದು ಹಳೇ ಜೀಪ್ ಇದೆ. ನಮ್ಮ ಕಡೆ ಜೀಪ್ ಇದ್ದವನ ಬಾಗಿಲನ್ನು ರಾತ್ರಿ ಎರಡು ಗಂಟೆಗೂ ಬಡಿಯುತ್ತಾರೆ. ಹೆರಿಗೆ ನೋವು, ಹಾವು, ಎದೆನೋವು, ಅಡಿಕೆ ಮರದಿಂದ ಬಿದ್ದವರು, ಎಲ್ಲರನ್ನೂ ಸಾಗಿಸಿದ್ದೇನೆ. ಹತ್ತಿದ ಕೂಡಲೇ ಎಲ್ಲರೂ ಹೇಳುವುದು ಒಂದೇ: "ನೇರ ಶಿವಮೊಗ್ಗಕ್ಕೆ ಬಿಡು ಮಾರಾಯ." ದಾರಿಯಲ್ಲೇ ಇರುವ ಸರ್ಕಾರಿ ಆಸ್ಪತ್ರೆಯ ಬೋರ್ಡು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ. ಜೀಪಿನಲ್ಲಿ ಕೇಳಿದ ಪ್ರಶ್ನೆಗಳನ್ನು, ಆಮೇಲೆ ಡಾಕ್ಟರು, ಸಿಸ್ಟರ್, ಆಶಾ ಅಕ್ಕಂದಿರ ಹತ್ತಿರ ಕೇಳಿ ತಿಳಿದುಕೊಂಡ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ.

ಉಪಕೇಂದ್ರ, ಪಿಎಚ್‌ಸಿ, ತಾಲ್ಲೂಕು ಆಸ್ಪತ್ರೆ. ಯಾವುದಕ್ಕೆ ಎಲ್ಲಿಗೆ ಹೋಗಬೇಕು?

ಲೆಕ್ಕದ ಪ್ರಕಾರ ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ, 20,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿ ಇರಬೇಕು. ಬಯಲುಸೀಮೆಯಲ್ಲಿ ಇದು 5,000 ಮತ್ತು 30,000. ಆದರೆ ಮಲೆನಾಡಿನಲ್ಲಿ ಜನರ ಲೆಕ್ಕ ಹಿಡಿದರೆ ಸಾಲುವುದಿಲ್ಲ. ನಮ್ಮಲ್ಲಿ ಊರು ಅಂದರೆ ಗುಡ್ಡಕ್ಕೊಂದು ಮನೆ. ಮೂರು ಸಾವಿರ ಜನ ಎಷ್ಟು ಕಣಿವೆಗಳಲ್ಲಿ ಹರಡಿದ್ದಾರೆ ಅನ್ನುವುದು ಕಾಗದದಲ್ಲಿ ಕಾಣುವುದಿಲ್ಲ.

ಮಗುವಿನ ಲಸಿಕೆ, ಗರ್ಭಿಣಿಯ ತಪಾಸಣೆ, ಬಿಪಿ ಶುಗರ್ ನೋಡಿಸುವುದು ಉಪಕೇಂದ್ರದಲ್ಲೇ ಆಗುತ್ತದೆ. ಡಾಕ್ಟರ್ ನೋಡಬೇಕು, ರಕ್ತ ಪರೀಕ್ಷೆ ಬೇಕು ಅಂದರೆ ಪಿಎಚ್‌ಸಿ. ಆಪರೇಷನ್, ಸಿಸೇರಿಯನ್, ಡಯಾಲಿಸಿಸ್‌ಗೆ ಸಾಗರ. ಅದರಾಚೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ತಿಂಗಳ ಬಿಪಿ ಮಾತ್ರೆಗಾಗಿ ಸಾಗರಕ್ಕೆ ಬಸ್ ಹತ್ತುವವರು ಈಗಲೂ ಇದ್ದಾರೆ. ಬಸ್ ಚಾರ್ಜು, ಹೋಟೆಲ್ ಊಟ, ಒಂದು ದಿನದ ಕೂಲಿ, ಎಲ್ಲ ಕಳೆದುಕೊಂಡು ಪಿಎಚ್‌ಸಿಯಲ್ಲಿ ಸುಮ್ನೆ ಸಿಗುವ ಮಾತ್ರೆಯನ್ನೇ ತರುತ್ತಾರೆ.

108ಕ್ಕೆ ಫೋನ್ ಮಾಡಿದರೆ ನಮ್ಮೂರು ಎಲ್ಲಿದೆ ಅಂತಲೇ ಅವರಿಗೆ ಗೊತ್ತಾಗುವುದಿಲ್ಲವಲ್ಲ?

ಹೌದು. ಕಾಲ್ ಎತ್ತುವವರು ಬೆಂಗಳೂರಿನಲ್ಲೋ ಇನ್ನೆಲ್ಲೋ ಕೂತಿರುತ್ತಾರೆ. "ಮೇಲಿನಮನೆ ಹತ್ತಿರ, ಹಲಸಿನ ಮರದ ತಿರುವು" ಅಂದರೆ ಅವರಿಗೆ ಏನು ಅರ್ಥವಾಗಬೇಕು? ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಪಂಚಾಯಿತಿ, ಆಮೇಲೆ ಟಾರು ರಸ್ತೆಯ ಮೇಲಿರುವ ಶಾಲೆಯದೋ ಸೊಸೈಟಿಯದೋ ಹೆಸರು. ಈ ಕ್ರಮದಲ್ಲಿ ಹೇಳಿ. ಇದನ್ನೊಂದು ಕಾಗದದಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿಡಿ. ಗಾಬರಿಯಲ್ಲಿ ಮನೆ ಹೆಸರೂ ಮರೆತುಹೋಗುತ್ತದೆ.

ಟವರ್ ಸಿಗುವ ಜಾಗಕ್ಕೆ ಓಡಿಹೋಗಿ ಕಾಲ್ ಮಾಡಿದವರು ಅಲ್ಲೇ ನಿಲ್ಲಬೇಕು. ಡ್ರೈವರ್ ವಾಪಸ್ ಫೋನ್ ಮಾಡುವ ಹೊತ್ತಿಗೆ ನೀವು ಮನೆಗೆ ಇಳಿದುಬಂದಿದ್ದರೆ ಲೈನ್ ಸಿಗುವುದಿಲ್ಲ. ಇನ್ನೊಬ್ಬರು ಬೈಕ್ ತಗೊಂಡು ಟಾರು ರಸ್ತೆಯ ತಿರುವಿನಲ್ಲಿ ಲೈಟ್ ಹಾಕಿಕೊಂಡು ಕಾಯಲಿ. ಆಂಬುಲೆನ್ಸ್ ದೂರದಲ್ಲಿದೆ ಅಂದರೆ ಮನೆಯಲ್ಲೇ ಕಾಯುತ್ತಾ ಕೂರಬೇಡಿ. ಇರುವ ಗಾಡಿಯಲ್ಲಿ ಹೊರಡಿ, ಎದುರಿನಿಂದ ಬರುವ ಆಂಬುಲೆನ್ಸ್ ಸಿಕ್ಕಲ್ಲಿ ಬದಲಿಸಿಕೊಳ್ಳಿ. ಇದಕ್ಕೆ ದುಡ್ಡು ಕೊಡಬೇಕಿಲ್ಲ. 2008ರಿಂದಲೂ ಉಚಿತವೇ. ತುರ್ತಲ್ಲದ ಸಲಹೆಗೆ, ದೂರಿಗೆ ಬೇರೆ ನಂಬರ್ ಇದೆ, 104.

ಹಾವು ಕಚ್ಚಿದರೆ ನೇರ ಶಿವಮೊಗ್ಗಕ್ಕೇ ಹೋಗುವುದು ಒಳ್ಳೆಯದಲ್ವಾ?

ಅಲ್ಲ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ನಾನೇ ಮಾಡಿದ ತಪ್ಪು ಇದು.

ಕೆಲವು ವರ್ಷಗಳ ಹಿಂದೆ ಪಕ್ಕದ ಮನೆಯ ಅತ್ತಿಗೆಗೆ ಬಿದ್ದ ಅಡಿಕೆ ಹೆಕ್ಕುವಾಗ ಹಾವು ಕಚ್ಚಿತು. ಮೊಣಕಾಲಿನ ಕೆಳಗೆ ಬಾಳೆಪಟ್ಟೆಯಿಂದ ಬಿಗಿದು ಕಟ್ಟಿದ್ದರು. ಪಾದ ನೀಲಿಯಾಗಿತ್ತು. ನಾನು ಎರಡು ಸರ್ಕಾರಿ ಆಸ್ಪತ್ರೆಗಳ ಎದುರೇ ಜೀಪ್ ಓಡಿಸಿಕೊಂಡು ಹೋದೆ. ಅಷ್ಟು ಹೊತ್ತಿಗೆ ಅವರ ಒಸಡಿನಲ್ಲಿ ರಕ್ತ ಬರುತ್ತಿತ್ತು. ಬದುಕಿದರು, ಆದರೆ ಹದಿನೈದು ದಿನ ಮಲಗಿದರು. ಅಲ್ಲಿನ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಬರುವ ದಾರಿಯಲ್ಲಿ ಯಾವ ಆಸ್ಪತ್ರೆಯೂ ಇರಲಿಲ್ವಾ?"

ಹಾವಿನ ವಿಷಕ್ಕೆ ಇರುವ ಮದ್ದು ಎಎಸ್‌ವಿ ಇಂಜೆಕ್ಷನ್ ಒಂದೇ. ಶಿವಮೊಗ್ಗದಲ್ಲಿ ಕೊಡುವುದೂ ಅದೇ, ಪಿಎಚ್‌ಸಿಯಲ್ಲಿ ಕೊಡುವುದೂ ಅದೇ. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ. ಆ ದಾರಿಯುದ್ದಕ್ಕೂ ವಿಷ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಾಗಿ ಹೊರಡುವಾಗಲೇ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ, ಎಎಸ್‌ವಿ ಇದೆಯಾ, ಡಾಕ್ಟರ್ ಇದ್ದಾರಾ ಅಂತ ಕೇಳಿ. ಇದ್ದರೆ ಮೊದಲ ಡೋಸ್ ಅಲ್ಲಿ ಆಗಲಿ. ಆಮೇಲೆ ದೊಡ್ಡ ಆಸ್ಪತ್ರೆ. ಎಷ್ಟು ವಯಲ್ ಕೊಟ್ಟರು, ಎಷ್ಟು ಗಂಟೆಗೆ ಕೊಟ್ಟರು ಎಂದು ಬರೆದ ಚೀಟಿ ಜೊತೆಗಿರಲಿ.

ಕಚ್ಚಿದ ಕೂಡಲೇ ಮಾಡಬೇಕಾದ್ದು ಕಡಿಮೆ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ, ಊತ ಬಂದಮೇಲೆ ಬರುವುದಿಲ್ಲ. ಮುರಿದ ಕೈಗೆ ಕಟ್ಟುವ ಹಾಗೆ ಒಂದು ದಬ್ಬೆ ಕಟ್ಟಿ ಕೈಯೋ ಕಾಲೋ ಅಲ್ಲಾಡದಂತೆ ನೋಡಿಕೊಳ್ಳಿ. ನಡೆಸಬೇಡಿ, ಹೊತ್ತುಕೊಂಡು ಬನ್ನಿ. ಗಂಟೆ ನೋಡಿಕೊಳ್ಳಿ. ಕೊಯ್ಯುವುದು, ಚೀಪುವುದು, ಬಿಗಿಯುವುದು ಬೇಡ. ಈಗಾಗಲೇ ಬಿಗಿದಿದ್ದರೆ ದಾರಿಯಲ್ಲಿ ಫಕ್ಕನೆ ಬಿಚ್ಚಬೇಡಿ, ಡಾಕ್ಟರ್ ಎದುರೇ ಬಿಚ್ಚಲಿ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡದೆ ಸುಮ್ನೆ ಕೂರಿಸಿದರು ಅಂತ ಜಗಳಕ್ಕೆ ಹೋಗುವವರಿದ್ದಾರೆ. ಅದು ಸುಮ್ನೆ ಕೂರಿಸುವುದಲ್ಲ. ಸ್ವಲ್ಪ ರಕ್ತ ತೆಗೆದು ಗಾಜಿನ ಟ್ಯೂಬಿನಲ್ಲಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆ ಅಂತ ಅರ್ಥ. ಮೊದಲ ಸಲ ನೋಡಿದಾಗ ಇಷ್ಟು ಸರಳ ಪರೀಕ್ಷೆಯಾ ಅಂತ ನನಗೂ ಆಶ್ಚರ್ಯವಾಗಿತ್ತು.

ಹಾವನ್ನು ಹೊಡೆದು ತರಬೇಕಾ?

ಬೇಡ. ಹೊಡೆಯಲು ಹೋಗಿ ಎರಡನೆಯವರು ಕಚ್ಚಿಸಿಕೊಳ್ಳುವುದು ಬೇಡ. ದೂರದಿಂದ ಫೋಟೋ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಈ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಸೇರಿ ಮಾಡಿದ್ದು. ನಮ್ಮ ಘಟ್ಟದ ಕಾಳಿಂಗ ಮತ್ತು ಗುಳಿಮಂಡಲಗಳು ಈ ನಾಲ್ಕರಲ್ಲಿ ಇಲ್ಲ. ಹಾಗಾಗಿ ಹಾವಿನ ಗುರುತು ಸಿಕ್ಕಿದ್ದರೆ ಡಾಕ್ಟರಿಗೆ ಹೇಳಿ.

ಕಟ್ಟುಹಾವಿನ ವಿಷಯ ಬೇರೆಯೇ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಶುರುವಾದರೆ ಹಾವು ಕಾಣದಿದ್ದರೂ ಗಾಡಿ ತೆಗೆಯಿರಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು.

ನಾಟಿ ಔಷಧಿ ಕೊಡುವವರು ಎಷ್ಟೋ ಜನರನ್ನು ಉಳಿಸಿದ್ದಾರಲ್ಲ?

ವಿಷವಿಲ್ಲದ ಹಾವು ಕಚ್ಚಿದವರು, ವಿಷದ ಹಾವೇ ಕಚ್ಚಿದರೂ ವಿಷ ಇಳಿಯದವರು ಏನು ಕೊಟ್ಟರೂ ಉಳಿಯುತ್ತಾರೆ. ಹೆಸರು ಬರುವುದು ಬೇರಿಗೆ. ನಮ್ಮ ಕಡೆ ಮದ್ದು ಕೊಡುವ ಒಬ್ಬ ಹಿರಿಯರಿದ್ದಾರೆ. ಈಗ ಅವರೇ "ಮೊದಲು ಸೂಜಿ ಹಾಕಿಸಿಕೊಂಡು ಬಾ ತಮಾ, ಆಮೇಲೆ ನನ್ನ ಕಷಾಯ ಕುಡಿ" ಅಂತಾರೆ. ಅವರ ಮೇಲೆ ನನಗೆ ಗೌರವ ಜಾಸ್ತಿಯಾಗಿದ್ದು ಈ ಮಾತಿನಿಂದ.

ಮಂಗನ ಕಾಯಿಲೆ ಮಂಗ ಕಚ್ಚಿದರೆ ಬರುತ್ತದಾ?

ಇಲ್ಲ. ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ ಹುಳ, ಕಚ್ಚಿದರೆ ಬರುತ್ತದೆ. ಪಾಪದ ಮಂಗನೂ ನಮ್ಮ ಹಾಗೆಯೇ ಇದಕ್ಕೆ ಬಲಿ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನ. ಆಗ ಗೊತ್ತಾದ ವೈರಸ್ ಇದು. ಹಾಗಾಗಿ ಇಡೀ ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಸೊರಬದ ಒಂದು ಕಾಡಿನ ಹೆಸರಿದೆ. ಹೆಮ್ಮೆ ಪಡುವ ವಿಷಯವಲ್ಲ ಬಿಡಿ.

ಮಂಗ ಸತ್ತಾಗ ಅದರ ಮೈಮೇಲಿನ ಉಣುಗು ಕೆಳಗಿಳಿದು ಸುತ್ತಲಿನ ತರಗೆಲೆಗೆ ಹರಡುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹೂಳಲೂ ಹೋಗಬೇಡಿ. ಪಿಎಚ್‌ಸಿಗೋ ಅರಣ್ಯ ಇಲಾಖೆಗೋ ತಿಳಿಸಿ. ದನಗಳಿಗೆ ಈ ಕಾಯಿಲೆ ಬರುವುದಿಲ್ಲ, ಆದರೆ ಮೇಯಲು ಹೋದ ದನ ಉಣುಗನ್ನು ಕೊಟ್ಟಿಗೆಯವರೆಗೂ ಹೊತ್ತು ತರುತ್ತದೆ. ರೋಗಿಯಿಂದ ಇನ್ನೊಬ್ಬರಿಗೆ ಅಂಟುವುದಿಲ್ಲ. ಕಾಯಿಲೆ ಬಂದ ಮನೆಗೆ ಕೆಲಸದವರು ಹೋಗುವುದನ್ನೇ ಬಿಟ್ಟಿದ್ದನ್ನು ನೋಡಿದ್ದೇನೆ. ಅದರ ಅಗತ್ಯವೇ ಇರಲಿಲ್ಲ.

ಯಾವಾಗ ಎಚ್ಚರ ಇರಬೇಕು? ಹೇಗೆ ಗೊತ್ತಾಗುತ್ತದೆ?

ಡಿಸೆಂಬರಿನಿಂದ ಮೇವರೆಗೆ. ಉಣುಗಿನ ಮರಿಗಳು ಜಾಸ್ತಿ ಇರುವ ಕಾಲ ಅದು. ನಾವು ತರಗೆಲೆ ಗುಡಿಸಲು, ಸೊಪ್ಪು ಕಡಿಯಲು, ಸೌದೆ ತರಲು ಕಾಡಿಗೆ ಹೋಗುವ ಕಾಲವೂ ಅದೇ. ಮರಿ ಸಾಸಿವೆ ಕಾಳಿಗಿಂತ ಸಣ್ಣ. ಕಚ್ಚಿದ್ದೇ ಗೊತ್ತಾಗುವುದಿಲ್ಲ.

ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆ ಸಿಡಿಯುವ ನೋವು, ಸೊಂಟ ಮತ್ತು ಮೀನಖಂಡಗಳಲ್ಲಿ ಹೊಡೆದ ಹಾಗೆ ನೋವು. ಕೆಲವರಿಗೆ ಮೂಗು ಒಸಡುಗಳಲ್ಲಿ ರಕ್ತ. ಮೋಸ ಮಾಡುವುದು ಇದರ ಎರಡನೇ ಸುತ್ತು. ಜ್ವರ ಬಿಟ್ಟು ವಾರ, ಹತ್ತು ದಿನ ಆರಾಮಾಗಿರುತ್ತಾರೆ. ತೋಟಕ್ಕೂ ಹೋಗುತ್ತಾರೆ. ಆಮೇಲೆ ಕೆಲವರಿಗೆ ಜ್ವರ ಮತ್ತೆ ಬಂದು ತಲೆ ತಿರುಗುವುದು, ಕೈಕಾಲು ನಡುಗುವುದು, ಮಾತು ತಪ್ಪುವುದು ಆಗುತ್ತದೆ. ಜ್ವರ ಬಿಟ್ಟಿತು ಅಂತ ಗಾಡಿ ತೊಳೆದು ನಿಲ್ಲಿಸಬೇಡಿ.

ಕಾಡಿಗೆ ಹೋಗಿಬಂದ ಜ್ವರ ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಬೇಕು. ಪೇಟೆಯ ಕ್ಲಿನಿಕ್‌ಗಳಲ್ಲಿ ಯಾರೂ ಕೇಳುವುದಿಲ್ಲ. ಪಿಎಚ್‌ಸಿಯಲ್ಲಿ ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಖರ್ಚಿಲ್ಲ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ ಸಾಕು. ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆ ನುಂಗಬೇಡಿ, ರಕ್ತಸ್ರಾವ ಜಾಸ್ತಿಯಾಗಬಹುದು. ವೈರಸ್ಸನ್ನೇ ಕೊಲ್ಲುವ ಮದ್ದು ಇಲ್ಲ. ಡ್ರಿಪ್, ರಕ್ತದ ಪ್ಲೇಟ್‌ಲೆಟ್ ಮೇಲೆ ನಿಗಾ, ವಿಶ್ರಾಂತಿ, ಇಷ್ಟೇ ಚಿಕಿತ್ಸೆ. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ ಅನ್ನುತ್ತಾರೆ. ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ 2018ರ ಕೊನೆಯಿಂದ 2019ರ ಬೇಸಿಗೆವರೆಗೆ ಈ ಕಾಯಿಲೆಯಿಂದ ಜನ ಸತ್ತಿದ್ದನ್ನು ನೋಡಿದವರು ಈ ಲೆಕ್ಕ ಕೇಳಿ ಸಮಾಧಾನ ಪಡುವುದಿಲ್ಲ.

ಲಸಿಕೆ ಇತ್ತಲ್ಲ, ಈಗ ಯಾಕೆ ಹಾಕುವುದಿಲ್ಲ? ಡೇಪಾ ಎಣ್ಣೆ ಹಚ್ಚಿದರೆ ಸಾಕಾ?

ಹಳೇ ಲಸಿಕೆಯಿಂದ ಸಿಗಬೇಕಾದಷ್ಟು ರಕ್ಷಣೆ ಸಿಗುತ್ತಿಲ್ಲ ಅಂತ ಗೊತ್ತಾಗಿ ನಿಲ್ಲಿಸಿದ್ದಾರೆ. ಹೊಸದರ ಕೆಲಸ ನಡೆಯುತ್ತಿದೆ. ಅಲ್ಲಿಯವರೆಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಡೇಪಾ ಎಣ್ಣೆಯೇ ಗತಿ. ಆಶಾ ಅಕ್ಕ ಮನೆಗೇ ತಂದುಕೊಡುತ್ತಾರೆ. ನಮ್ಮೂರಲ್ಲಿ ಅದು ದೇವರ ಗೂಡಿನ ಪಕ್ಕ ಸೀಲ್ ಒಡೆಯದೆ ಕೂತಿರುತ್ತದೆ. ಕಾಡಿಗೆ ಹೋಗುವ ಮೊದಲು ಕೈ, ಕಾಲು, ಕುತ್ತಿಗೆಗೆ ಹಚ್ಚಬೇಕು. ತುಂಬು ತೋಳಿನ ಅಂಗಿ, ಪ್ಯಾಂಟು. ಬಂದಮೇಲೆ ಬಟ್ಟೆಯನ್ನು ಒಳಗೆ ತರದೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ಕಿವಿಯ ಹಿಂದೆ, ಮೊಣಕಾಲಿನ ಸಂದಿ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಲ್ಲಿ ಹಿಡಿದು ನೇರ ಎಳೆಯಿರಿ. ಉಗುರಿನಲ್ಲಿ ಕುಕ್ಕಬೇಡಿ, ಊದುಬತ್ತಿ ಇಡಬೇಡಿ.

ಎದೆ ಉರಿ ಬರೀ ಗ್ಯಾಸ್ ಇರಬಹುದಲ್ವಾ?

ಇರಬಹುದು. ಆದರೆ ನನ್ನ ಜೀಪಿನಲ್ಲಿ ಹಾರ್ಟ್ ಅಟ್ಯಾಕ್ ಆದವರೆಲ್ಲ ಮೊದಲು ಹೇಳಿದ್ದು ಗ್ಯಾಸ್ ಅಂತಲೇ. ಶುಂಠಿ ಜಗಿದು, ಸೋಡಾ ಕುಡಿದು, ಬೆನ್ನಿಗೆ ವಿಕ್ಸ್ ಹಚ್ಚಿಸಿಕೊಂಡು ಎರಡು ಗಂಟೆ ಕಳೆದಿರುತ್ತಾರೆ. ಬೆವರು, ಎಡಗೈ ಅಥವಾ ದವಡೆಗೆ ಹರಿಯುವ ನೋವು, ಉಸಿರು ಕಟ್ಟುವುದು ಇದ್ದರೆ ಇಸಿಜಿ ಮಾಡಿಸಿ. ಗ್ಯಾಸೇ ಆಗಿದ್ದರೆ ನಗುತ್ತಾ ವಾಪಸ್ ಬರೋಣ.

2024ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ಹೃದ್ರೋಗ ತಜ್ಞರು ಕೂತಲ್ಲೇ ನೋಡುತ್ತಾರೆ. ಬೇಕಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಇಲ್ಲಿ ಉಚಿತ. ಇಲ್ಲಿಯೂ ಅದೇ ಮಾತು, ಮಣಿಪಾಲದ ದಾರಿ ಹಿಡಿಯುವ ಮೊದಲು ತಾಲ್ಲೂಕು ಆಸ್ಪತ್ರೆ.

ಆಯುಷ್ಮಾನ್ ಕಾರ್ಡ್ ಇದ್ದರೆ ಯಾವ ಆಸ್ಪತ್ರೆಗಾದರೂ ಹೋಗಬಹುದಾ?

ಇದೇ ಜಾಸ್ತಿ ಗೊಂದಲ ಇರುವ ಪ್ರಶ್ನೆ. 2018ರಿಂದ ಕೇಂದ್ರದ ಆಯುಷ್ಮಾನ್ ಭಾರತ್ ಮತ್ತು ರಾಜ್ಯದ ಆರೋಗ್ಯ ಕರ್ನಾಟಕ ಒಂದಾಗಿವೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದವರೆಗೆ. ಉಳಿದ ಶೇ. 70 ನೀವೇ ಹಾಕಬೇಕು.

ಮುಖ್ಯ ವಿಷಯ ರೆಫರಲ್. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದರೆ ಅವರು ಬರೆದುಕೊಟ್ಟ ಚೀಟಿ ಹಿಡಿದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಹಾರ್ಟ್ ಅಟ್ಯಾಕ್, ಅಪಘಾತದಂಥ ತುರ್ತು ಚಿಕಿತ್ಸೆಗಳ ಪಟ್ಟಿ ಬೇರೆ ಇದೆ, ಅದಕ್ಕೆ ಚೀಟಿ ಬೇಕಿಲ್ಲ. ಸೇರಿಸುವಾಗಲೇ ಕೌಂಟರಿನಲ್ಲಿ ರೇಷನ್ ಕಾರ್ಡ್, ಆಧಾರ್ ಕೊಟ್ಟು ಈ ಯೋಜನೆಯಲ್ಲಿ ದಾಖಲು ಮಾಡಿಸಿ. ನನ್ನ ಭಾವನೊಬ್ಬ ಡಿಸ್ಚಾರ್ಜ್ ದಿನ ಕಾರ್ಡ್ ತೆಗೆದು ತೋರಿಸಿದ. ಆ ಖಾಸಗಿ ಆಸ್ಪತ್ರೆಯವರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು. ಅಡಿಕೆ ಮಾರಿದ ದುಡ್ಡು ಅಲ್ಲೇ ಖಾಲಿ.

ಆಭಾ ಕಾರ್ಡೂ ಇದೂ ಒಂದೇನಾ?

ಅಲ್ಲ. ಆಭಾ 14 ಅಂಕಿಯ ಆರೋಗ್ಯ ನಂಬರ್, ನಿಮ್ಮ ಚೀಟಿ, ರಿಪೋರ್ಟುಗಳನ್ನು ಜೋಡಿಸಲು. ಅದರಲ್ಲಿ ದುಡ್ಡಿಲ್ಲ.

ಯಶಸ್ವಿನಿ ಮಾಡಿಸಬೇಕಾ?

ಎಪಿಎಲ್ ಕಾರ್ಡಿನವರು, ಸೊಸೈಟಿಯ ಸದಸ್ಯರಾಗಿದ್ದರೆ ಖಂಡಿತ ಯೋಚಿಸಿ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, ಮತ್ತೆ ಜಾರಿಗೆ ಬಂದ, ಸಹಕಾರ ಸಂಘಗಳ ಸದಸ್ಯರ ಆರೋಗ್ಯ ಯೋಜನೆ ಇದು. ಗ್ರಾಮೀಣ ಸಹಕಾರ ಸಂಘದ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಅಂತ ನಿಗದಿಯಾಗಿತ್ತು. ನೋಂದಣಿಗೆ ವರ್ಷದಲ್ಲಿ ಕೆಲವೇ ತಿಂಗಳು. ಸೊಸೈಟಿ ಕಾರ್ಯದರ್ಶಿಗೆ ಕೇಳುತ್ತಿರಿ, ಅವರಾಗಿ ಮನೆಗೆ ಬಂದು ಹೇಳುವುದಿಲ್ಲ.

ಹೆರಿಗೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ನಿಜವಾಗಿ ಖರ್ಚಿಲ್ವಾ?

2011ರ ನಿಯಮದ ಪ್ರಕಾರ ಸಿಸೇರಿಯನ್, ಔಷಧಿ, ರಕ್ತ, ಊಟ, ಹೋಗಿಬರುವ ಗಾಡಿ ಎಲ್ಲ ಉಚಿತ. ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನ ಇದೆ, ಕೇಳಿ ಪಡೆಯಿರಿ. ಯಾರಾದರೂ "ಖುಷಿಗೆ ಏನಾದ್ರೂ ಕೊಡಿ" ಅಂದರೆ ಕೊಡಬೇಕಿಲ್ಲ. ಕೊಟ್ಟು ಆಮೇಲೆ ಬಯ್ಯುವುದಕ್ಕಿಂತ ಆಗಲೇ 104ಕ್ಕೆ ಹೇಳುವುದು ಮೇಲು.

ತಾಯಿ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಾಗಿಲ ಹಿಂದೆ ನೇತುಹಾಕಿ. ಮಳೆಗಾಲದಲ್ಲಿ ದಿನ ತುಂಬುವುದಿದ್ದರೆ ಒಂದು ವಾರ ಮೊದಲೇ ಸಾಗರದ ಹತ್ತಿರದ ನೆಂಟರ ಮನೆಗೆ ಹೋಗಿ. ಜುಲೈ ರಾತ್ರಿಯಲ್ಲಿ ರಸ್ತೆಗೆ ಮರ ಬಿದ್ದಿರುತ್ತದೆ. ನಾನು ಜೀಪಿನಲ್ಲಿ ಕತ್ತಿ, ಹಗ್ಗ ಯಾವಾಗಲೂ ಇಟ್ಟಿರುತ್ತೇನೆ. ಆದರೂ ಮರ ಕಡಿಯುವಷ್ಟು ಹೊತ್ತು ಮಗು ಕಾಯಬೇಕಲ್ಲ.

ನಾಯಿ ಕಚ್ಚಿದರೆ?

ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ಅದೇ ದಿನ ಲಸಿಕೆ, ಆಮೇಲೆ 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಇಂಜೆಕ್ಷನ್ ಬೇಕು. ಪಿಎಚ್‌ಸಿಯಲ್ಲಿ ಅದಿಲ್ಲದಿದ್ದರೆ ಎಲ್ಲಿ ಸಿಗುತ್ತದೆ ಅಂತ ಕೇಳಿ ಅವತ್ತೇ ಹೋಗಿ. ನಿಮ್ಮದೇ ಮನೆಯ ನಾಯಿ ಆದರೂ ಇದೇ.

ನಮ್ಮ ಪಿಎಚ್‌ಸಿಗೆ ಬಂದ ಡಾಕ್ಟರ್ ಯಾಕೆ ನಿಲ್ಲುವುದಿಲ್ಲ?

ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು 2012ರಲ್ಲಿ ಕಾನೂನಾಯಿತು. ಹಾಗೆ ಬಂದವರು ವರ್ಷ ಮುಗಿದ ಮೇಲೆ ಪಿಜಿ ಓದಲು ಹೋಗುತ್ತಾರೆ. ತಪ್ಪಲ್ಲ. ಆದರೆ ಅವರಿಗೆ ನಾವೇನು ಕೊಟ್ಟಿದ್ದೇವೆ? ಸೋರುವ ಕ್ವಾರ್ಟರ್ಸ್, ಬಾರದ ನೆಟ್‌ವರ್ಕ್, ರಾತ್ರಿ ಕುಡಿದು ಬಂದು ಬಾಗಿಲು ಒದೆಯುವವರು. ಒಬ್ಬ ಲೇಡಿ ಡಾಕ್ಟರ್ ಮೂರು ವರ್ಷ ಇದ್ದರು. ಅವರಿಗೆ ಊರಿನವರು ಮಾಡಿದ್ದು ಇಷ್ಟೇ: ಕ್ವಾರ್ಟರ್ಸಿನ ಹೆಂಚು ಹೊದಿಸಿಕೊಟ್ಟರು, ಮನೆಗೊಂದು ದಿನ ಹಾಲು ಕಳಿಸಿದರು.

ಡಾಕ್ಟರ್ ಇಲ್ಲದ ದಿನಗಳಲ್ಲೂ ಸಿಸ್ಟರ್ ಇರುತ್ತಾರೆ, ಆಶಾ ಇರುತ್ತಾರೆ. ಸಾವಿರ ಜನಕ್ಕೊಬ್ಬರಂತೆ ಇರುವ ಆಶಾ ಅಕ್ಕಂದಿರಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಮಾಡಿದ ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. ಜಿಗಣೆ ಹತ್ತಿದ ಕಾಲಿನಲ್ಲೇ ಮನೆಮನೆ ತಿರುಗುತ್ತಾರೆ. ಬಂದಾಗ ಒಂದು ಲೋಟ ಚಾ ಕೊಡಿ.

ಈಗ ಸೇತುವೆ ಆಯ್ತಲ್ಲ, ಇನ್ನೇನು ತೊಂದರೆ?

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಮೇಲೆ ನಮ್ಮ ದಡದವರಿಗೆ ಗಾಡಿ, ಜನ ದಾಟಿಸುವ ಲಾಂಚೇ ದಾರಿಯಾಗಿತ್ತು. ಕತ್ತಲಾದ ಮೇಲೆ ಲಾಂಚ್ ಇರುತ್ತಿರಲಿಲ್ಲ. ರಸ್ತೆಯಲ್ಲೇ ಹೋಗಬೇಕೆಂದರೆ ಹೊಸನಗರದ ಕಡೆಯಿಂದ ಸುಮಾರು 80 ಕಿ.ಮೀ. ಸುತ್ತು. ಎದುರಿನ ದಡದ ದೀಪ ಕಾಣುತ್ತಿರುತ್ತಿತ್ತು, ರೋಗಿ ಹಿಂದಿನ ಸೀಟಿನಲ್ಲಿ ನರಳುತ್ತಿದ್ದರು, ನಾನು ಉಲ್ಟಾ ದಿಕ್ಕಿಗೆ ಗಾಡಿ ತಿರುಗಿಸುತ್ತಿದ್ದೆ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಎರಡೂವರೆ ಕಿಲೋಮೀಟರಿಗೆ ಹತ್ತಿರದ ಸೇತುವೆ. ಮೊದಲ ಸಲ ರಾತ್ರಿ ರೋಗಿಯನ್ನು ಕರೆದುಕೊಂಡು ಅದರ ಮೇಲೆ ಹೋದಾಗ ಕೆಲವೇ ನಿಮಿಷಗಳಲ್ಲಿ ಆಚೆ ದಡ. ನಂಬಲಿಕ್ಕೇ ಆಗಲಿಲ್ಲ.

ಆದರೆ ಸೇತುವೆವರೆಗೆ ಬರಬೇಕಲ್ಲ. ನಮ್ಮ ಊರಿನ ಮೇಲಿನ ಮೂರು ಮನೆಗಳಿಗೆ ಮಳೆಗಾಲದಲ್ಲಿ ಜೀಪೂ ಹತ್ತುವುದಿಲ್ಲ. ಹಳ್ಳ ದಾಟಿ ಒಂದೂವರೆ ಕಿಲೋಮೀಟರ್ ಹೊತ್ತುಕೊಂಡೇ ಬರಬೇಕು. ಅದಕ್ಕೆ ಎರಡು ಬಿದಿರಿನ ಗಳ, ಒಂದು ದಪ್ಪ ಕಂಬಳಿ ಇಟ್ಟುಕೊಂಡಿದ್ದೇವೆ. ನಮ್ಮ ಕೊಟ್ಟಿಗೆಯ ಅಟ್ಟದ ಮೇಲಿವೆ. ಬೇಕಾದವರು ನನ್ನನ್ನು ಎಬ್ಬಿಸದೆ ತಗೊಂಡು ಹೋಗಿ. ವಾಪಸ್ ತಂದಿಡುವಾಗ ಕಂಬಳಿ ಒಣಗಿಸಿ ಇಡಿ.